ಅಟ್ಟದ ಮೇಲಿನ ಆಲಯ: ಕಾಲುವೆ ಮನೆಗಳು, ಬಾಡಿಗೆ ಮತ್ತು ಸಭೆಯ ನೆನಪು

ಕ್ರೈಸ್ತಸಭೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಹಾದೇವಾಲಯಗಳನ್ನೂ ಸಿನೊಡುಗಳನ್ನೂ ವಿಶ್ವಾಸಪ್ರಮಾಣಗಳನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. ಬಾಡಿಗೆಯ ಲೆಕ್ಕವನ್ನು ಆಧಾರವಾಗಿಟ್ಟುಕೊಂಡವರು ಕಡಿಮೆ. ಆದರೆ ಸಭೆಯು ತನ್ನ ಮೊದಲ ದಿನಗಳಿಂದಲೂ ಪರರ ಸೂರಿನಡಿಯಲ್ಲಿ ಕೂಡಿಬಂದದ್ದೇ ಹೆಚ್ಚು. ಕರ್ತನು ತನ್ನ ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕುಳಿತದ್ದು ಇನ್ನೊಬ್ಬನ ಮನೆಯ ಮೇಲಂತಸ್ತಿನಲ್ಲಿ. ಪೌಲನು ಎಫೆಸದಲ್ಲಿ ಎರಡು ವರುಷ ಬೋಧಿಸಿದ್ದು ತುರನ್ನನ ತರ್ಕಶಾಲೆಯಲ್ಲಿ. ರೋಮಾಪುರದಲ್ಲಿ ಅವನು ಕಾವಲಿನಲ್ಲಿದ್ದುಕೊಂಡೇ ಬಂದವರೆಲ್ಲರನ್ನು ಎದುರುಗೊಂಡದ್ದು ಬಾಡಿಗೆಯ ಮನೆಯೊಂದರಲ್ಲಿ ಎಂಬ ಮಾತಿನೊಂದಿಗೆ ಅಪೊಸ್ತಲರ ಕೃತ್ಯಗಳು ಮುಗಿಯುತ್ತವೆ. ಸುವಾರ್ತೆಯು ಲೋಕದ ರಾಜಧಾನಿಯನ್ನು ಮುಟ್ಟಿದಾಗ ಅದಕ್ಕೆ ಸ್ವಂತ ಮನೆ ಇರಲಿಲ್ಲ.

ಈ ಲೇಖನದಲ್ಲಿ ನಾವು ಆಮ್‌ಸ್ಟರ್‌ಡ್ಯಾಂ ನಗರದ ಕೆಲವು ಕಾಲುವೆ ಮನೆಗಳ ಚರಿತ್ರೆಯನ್ನು ಪರಿಶೀಲಿಸುತ್ತೇವೆ. ಇವುಗಳಲ್ಲಿ ಕೆಲವು ಇಂದು ವಸ್ತುಸಂಗ್ರಹಾಲಯಗಳಾಗಿವೆ. ಹಗಲು ನೋಡುಗರಿಗೆ ತೆರೆದಿದ್ದು, ಸಂಜೆ ಹಣ ಕೊಟ್ಟವರ ಸಭೆ, ಉಪನ್ಯಾಸ, ಔತಣ, ಮದುವೆಗಳಿಗೆ ಎಡೆಕೊಡುತ್ತವೆ. ಒಂದು ಕಾಲದಲ್ಲಿ ದೇವಾರಾಧನೆ ನಡೆದ ಸ್ಥಳವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಸರಿಯೇ ಎಂಬುದು ಭಕ್ತರ ಮನಸ್ಸಿನಲ್ಲಿ ಸಹಜವಾಗಿಯೇ ಹುಟ್ಟುವ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಆ ಮನೆಗಳು ಆರಾಧನೆಯ ಸ್ಥಳಗಳಾದದ್ದು ಹೇಗೆ, ಆಗ ಯಾರು ಯಾರಿಗೆ ಹಣ ಕೊಟ್ಟರು, ಯಾರನ್ನು ಹೊರಗಿಟ್ಟರು ಎಂಬುದನ್ನು ಮೊದಲು ತಿಳಿಯಬೇಕಾಗಿದೆ.

ಕಾಲುವೆ ಮನೆಯ ರಚನೆ

ಆಮ್‌ಸ್ಟರ್‌ಡ್ಯಾಂ ಜೌಗುನೆಲದ ಮೇಲೆ ಎದ್ದ ನಗರ. ಮಣ್ಣಿನಲ್ಲಿ ಆಳವಾಗಿ ಇಳಿಸಿದ ಮರದ ಕಂಬಗಳೇ ಅಲ್ಲಿನ ಹಳೆಯ ಮನೆಗಳಿಗೆ ತಳಪಾಯ. 1613ರಲ್ಲಿ ನಗರವು ಹಳೆಯ ಎಲ್ಲೆಯ ಹೊರಗೆ ಹೊಸ ಕಾಲುವೆಗಳ ವಲಯವನ್ನು ತೋಡಲಾರಂಭಿಸಿತು. ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ದೊಡ್ಡ ಕಾಲುವೆಗಳ ದಡದ ಮೇಲೆ ವರ್ತಕರು ಮನೆ ಕಟ್ಟಿಸಿದರು. ಈ ವಲಯವನ್ನು ಯುನೆಸ್ಕೊ 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆ ಮನೆಯ ಮುಖ ಕಿರಿದು, ಒಡಲು ಉದ್ದ. ಮೆಟ್ಟಿಲುಗಳು ಕಡಿದಾದವು. ಮೇಲ್ಗೋಡೆಯಿಂದ ಹೊರಚಾಚಿದ ತೊಲೆಗೆ ರಾಟೆಯನ್ನು ಕಟ್ಟಿ ದೋಣಿಯಿಂದ ನೇರವಾಗಿ ಅಟ್ಟಕ್ಕೆ ಸರಕನ್ನು ಎತ್ತುತ್ತಿದ್ದರು. ಮನೆಯೂ ಅಂಗಡಿಯೂ ಉಗ್ರಾಣವೂ ಒಂದೇ ಕಟ್ಟಡದಲ್ಲಿದ್ದವು. ಯಜಮಾನನು ಕೆಳಗೆ ವಾಸಿಸಿದರೆ ಅವನ ಸಂಪತ್ತು ಅವನ ತಲೆಯ ಮೇಲೆ, ಅಟ್ಟದಲ್ಲಿ ಇರುತ್ತಿತ್ತು. ಆ ಅಟ್ಟಕ್ಕೆ ಕೆಲವು ಮನೆಗಳಲ್ಲಿ ಬೇರೊಂದು ಉಪಯೋಗ ಒದಗಿದ್ದೇ ನಮ್ಮ ಕಥೆಯ ಆರಂಭ.

ಮುಚ್ಚಿದ ಬಾಗಿಲಿನ ಸಹನೆ

1578ರ ಮೇ 26ರಂದು ಆಮ್‌ಸ್ಟರ್‌ಡ್ಯಾಂನ ಕಥೋಲಿಕ ಆಡಳಿತವು ಉರುಳಿ ನಗರವು ಮತಸುಧಾರಣೆಯ ಪಕ್ಷಕ್ಕೆ ಸೇರಿತು. ಹಳೆಯ ದೇವಾಲಯಗಳು ಸುಧಾರಿತ ಸಭೆಯ ವಶವಾದವು. ಮರುವರುಷ, 1579ರಲ್ಲಿ, ಉತ್ತರದ ಪ್ರಾಂತ್ಯಗಳು ಉಟ್ರೆಕ್ಟ್ ನಗರದಲ್ಲಿ ಮಾಡಿಕೊಂಡ ಒಡಂಬಡಿಕೆಯು ಯಾರನ್ನೂ ಅವರ ಧರ್ಮದ ನಿಮಿತ್ತ ವಿಚಾರಣೆಗೆ ಒಳಪಡಿಸಬಾರದೆಂದು ಗೊತ್ತುಮಾಡಿತು. ಆದರೆ 1581ರಲ್ಲಿ ಹಾಲೆಂಡ್ ಪ್ರಾಂತ್ಯದಲ್ಲಿ ಕಥೋಲಿಕರ ಬಹಿರಂಗ ಆರಾಧನೆಗೆ ನಿಷೇಧ ಬಂತು. ಈ ಎರಡು ಕಟ್ಟಳೆಗಳನ್ನು ಜೊತೆಯಾಗಿ ಓದಿದರೆ ಆ ಕಾಲದ ಸಹನೆಯ ಸ್ವರೂಪ ತಿಳಿಯುತ್ತದೆ. ಮನಸ್ಸಾಕ್ಷಿಗೆ ಬಿಡುಗಡೆ ಇತ್ತು, ಆರಾಧನೆಗೆ ಇರಲಿಲ್ಲ. ನಂಬಬಹುದು, ಆದರೆ ನಂಬಿದವರು ಒಟ್ಟುಗೂಡಿ ಕಾಣಿಸಿಕೊಳ್ಳಬಾರದು.

ಈ ಬಿರುಕಿನಲ್ಲಿ ಹುಟ್ಟಿದ್ದೇ ಮರೆಯ ದೇವಾಲಯ. ಹೊರಗಿನಿಂದ ನೋಡಿದರೆ ಅದು ಎಲ್ಲ ಮನೆಗಳಂತೆಯೇ ಒಂದು ಮನೆ. ಗೋಪುರವಿಲ್ಲ, ಗಂಟೆಯಿಲ್ಲ, ಶಿಲುಬೆಯಿಲ್ಲ. ಒಳಗೆ ಬಲಿಪೀಠವೂ ಪ್ರಸಂಗಪೀಠವೂ ಆರ್ಗನ್ನೂ ಇದ್ದವು. ನಗರದ ಅಧಿಕಾರಿಗಳಿಗೆ ಇದು ತಿಳಿಯದ ಗುಟ್ಟೇನಲ್ಲ. ನೂರಾರು ಜನ ಭಾನುವಾರ ಬೆಳಗ್ಗೆ ಒಂದು ಮನೆಯೊಳಗೆ ನಡೆದು ಒಂದು ಗಂಟೆಯ ಬಳಿಕ ಹೊರಬಂದರೆ ನೆರೆಯವರಿಗೆ ಅರ್ಥವಾಗದೆ ಇರುತ್ತದೆಯೇ? ಕಂಡರೂ ಕಾಣದಂತಿರಲು ಅಧಿಕಾರಿಗಳು ಕಥೋಲಿಕರಿಂದ ಹಣ ತೆಗೆದುಕೊಳ್ಳುತ್ತಿದ್ದರು. ಹಣದ ಜೊತೆಗೆ ಷರತ್ತುಗಳೂ ಇದ್ದವು. 1691ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಯೊಬ್ಬರು ನಗರಾಡಳಿತದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಬಾಗಿಲು ಯಾವ ಬೀದಿಗೆ ತೆರೆಯಬೇಕು, ಆರಾಧನೆಗೆ ಬಂದವರು ಬೀದಿಯಲ್ಲಿ ಒಬ್ಬರಿಗೊಬ್ಬರು ಕಾಯುತ್ತ ನಿಲ್ಲಬಾರದು, ಜಪಮಾಲೆಯಂಥ ವಸ್ತುಗಳು ಕಣ್ಣಿಗೆ ಬೀಳಬಾರದು ಎಂಬಂಥ ನಿಬಂಧನೆಗಳಿದ್ದವು. ಈ ಸಹನೆಯೂ ಒಂದು ಬಗೆಯ ಬಾಡಿಗೆಯ ಕರಾರೇ ಆಗಿತ್ತು.

ಹೀಗೆ ಮರೆಯಾಗಿ ಕೂಡಿಬರಬೇಕಾದವರು ಕಥೋಲಿಕರು ಮಾತ್ರವಲ್ಲ. ಇದನ್ನು ಪ್ರೊಟೆಸ್ಟಂಟ್ ಪರಂಪರೆಯ ನಾವು ವಿಶೇಷವಾಗಿ ನೆನೆಯಬೇಕು. ಮೆನ್ನೊನೈಟರು ಸಿಂಗೆಲ್ ಕಾಲುವೆಯ ಬಳಿ 1608ರಲ್ಲಿ ಕಟ್ಟಿಕೊಂಡ ಆಲಯವು ಬೀದಿಯಿಂದ ಕಾಣದಂತೆ ಮನೆಗಳ ಹಿಂದೆ ಅಡಗಿದೆ. ಇಂದಿಗೂ ಆ ಸಭೆಯವರು ಅಲ್ಲಿಯೇ ಕೂಡಿಬರುತ್ತಾರೆ. 1618-19ರ ಡಾರ್ಟ್ ಸಿನೊಡು ಆರ್ಮಿನಿಯಸನ ಅನುಯಾಯಿಗಳಾದ ರಿಮಾನ್‌ಸ್ಟ್ರೆಂಟರನ್ನು ಹೊರಗೆ ಹಾಕಿದ ಬಳಿಕ ಅವರೂ ಮನೆಗಳ ಹಿಂದಕ್ಕೆ ಸರಿದರು. ಕೈಜರ್ಸ್‌ಗ್ರಾಖ್ಟ್‌ನಲ್ಲಿ 1630ರ ಸುಮಾರಿಗೆ ಅವರು ಕಟ್ಟಿಸಿದ ಆಲಯಕ್ಕೆ ಈಗ ‘ಕೆಂಪು ಟೋಪಿ’ ಎಂಬ ಅರ್ಥದ ‘ರೋಡೆ ಹುಡ್’ ಎಂದು ಹೆಸರು. ಅಲ್ಲಿ ಹಿಂದೆ ಟೋಪಿ ತಯಾರಕನೊಬ್ಬನ ಮನೆಯಿತ್ತು. ರಿಮಾನ್‌ಸ್ಟ್ರೆಂಟರು 1957ರವರೆಗೆ ಅಲ್ಲಿ ಆರಾಧಿಸಿದರು. ಈಗ ಅದು ಸಾರ್ವಜನಿಕ ಚರ್ಚೆಗಳಿಗೂ ಸಮಾರಂಭಗಳಿಗೂ ದೊರೆಯುವ ಸಭಾಂಗಣ. ಪೂರ್ವನಿಶ್ಚಯದ ಸಿದ್ಧಾಂತವನ್ನು ಪ್ರಶ್ನಿಸಿ ಬೀದಿಯ ಬೆಳಕಿನಿಂದ ಹಿಂದೆ ಸರಿಯಬೇಕಾಗಿ ಬಂದವರ ಅಂಗಳದಲ್ಲಿ ಇಂದು ಎಲ್ಲ ಬಗೆಯ ಪ್ರಶ್ನೆಗಳಿಗೂ ಅವಕಾಶವಿದೆ.

ಹಾರ್ಟ್‌ಮನ್‌ನ ಅಟ್ಟ

ಇಂಥ ಆಲಯಗಳಲ್ಲಿ ಅತ್ಯಂತ ಸುಸ್ಥಿತಿಯಲ್ಲಿ ಉಳಿದಿರುವುವುಗಳಲ್ಲಿ ಒಂದು ನಗರದ ಹಳೆಯ ಭಾಗದಲ್ಲಿ, ಔಡೆಝೈಡ್ಸ್ ಫೋರ್‌ಬರ್ಗ್‌ವಾಲ್ ಕಾಲುವೆಯ ದಡದಲ್ಲಿದೆ. ಅಲ್ಲಿ 1630ರ ಸುಮಾರಿಗೆ ಕಟ್ಟಿದ ಮನೆಯೊಂದನ್ನು 1661ರಲ್ಲಿ ಯಾನ್ ಹಾರ್ಟ್‌ಮನ್ ಎಂಬ ಕಥೋಲಿಕ ವರ್ತಕನು, ಹಿಂದಿನ ಓಣಿಗೆ ಹೊಂದಿದ ಇನ್ನೆರಡು ಮನೆಗಳೊಡನೆ ಕೊಂಡನು. ಅವನು ಜರ್ಮನ್ ನಾಡಿನಿಂದ ಬಂದು ವ್ಯಾಪಾರದಲ್ಲಿ ಏಳಿಗೆ ಹೊಂದಿದವನು. 1663ರ ಹೊತ್ತಿಗೆ ಮೂರು ಮನೆಗಳ ಅಟ್ಟಗಳನ್ನು ಒಂದುಗೂಡಿಸಿ, ನಡುವಣ ನೆಲಗಳನ್ನು ಕತ್ತರಿಸಿ, ಮೇಲೆ ಎರಡು ಸುತ್ತು ಜಗಲಿಗಳನ್ನು ಬಿಟ್ಟು ಆಲಯವನ್ನು ಸಿದ್ಧಪಡಿಸಿದನು. ಸುಮಾರು 150 ಜನರಿಗೆ ಸ್ಥಳವಾಯಿತು. ಸರಕು ತುಂಬುವುದಕ್ಕೆಂದು ಕಟ್ಟಿದ ಎತ್ತರದಲ್ಲಿ ಸ್ತೋತ್ರವು ಏರತೊಡಗಿತು.

ಈ ಮನೆಯ ಚರಿತ್ರೆಯಲ್ಲಿ ಬಾಡಿಗೆಯು ಮೊದಲಿನಿಂದಲೂ ಇದೆ. ಆಲಯದಲ್ಲಿ ಸೇವೆ ಮಾಡಿದ ಪೆಟ್ರುಸ್ ಪಾರ್ಮೆಂಟಿಯರ್ ಎಂಬ ಅಗಸ್ಟೀನಿಯನ್ ಯಾಜಕನು ಈ ಮನೆಯಲ್ಲಿ ಬಾಡಿಗೆದಾರನಾಗಿದ್ದನು. ಹಾರ್ಟ್‌ಮನ್ 1668ರಲ್ಲಿ ಸಾಲವನ್ನು ಉಳಿಸಿ ತೀರಿಕೊಂಡನು. ಬಳಿಕ ಮನೆ ಕೈಬದಲಾಯಿತು. ಅದನ್ನು ಕೊಂಡವನು ಪ್ರೊಟೆಸ್ಟಂಟನಾದರೂ ಅಟ್ಟದ ಆಲಯವನ್ನು ಮುಚ್ಚಿಸಲಿಲ್ಲ. ಕಥೋಲಿಕರಿಗೆ ಬಾಡಿಗೆಗೆ ಕೊಟ್ಟು ಮುಂದುವರಿಸಿದನು. ಅದು ದೈವಭಕ್ತಿಯೋ ಲಾಭದ ಲೆಕ್ಕವೋ ಎಂದು ವಿಂಗಡಿಸಿ ಹೇಳುವ ಅಗತ್ಯವಿಲ್ಲ. ಒಂದು ಪಂಗಡದವನ ಸೂರಿನಡಿಯಲ್ಲಿ ಇನ್ನೊಂದು ಪಂಗಡದವರು ಹಣ ಕೊಟ್ಟು ಆರಾಧಿಸಿದರು ಎಂಬಷ್ಟೇ ನಮ್ಮ ವಾದಕ್ಕೆ ಸಾಕು.

18ನೇ ಶತಮಾನದ ಪೂರ್ವಾರ್ಧದಲ್ಲಿ ಆಲಯವನ್ನು ನವೀಕರಿಸಲಾಯಿತು. ಬಲಿಪೀಠದ ಮೇಲಿರುವ ಯೇಸುವಿನ ದೀಕ್ಷಾಸ್ನಾನದ ಚಿತ್ರವು ಯಾಕೊಬ್ ಡೆ ವಿಟ್ ಎಂಬ ಕಲಾವಿದನದು. ಪ್ರಸಂಗಪೀಠವು ಬಲಿಪೀಠದ ಕಂಬವೊಂದರೊಳಗೆ ಮಡಚಿಕೊಳ್ಳುವಂತೆ ರಚಿತವಾಗಿದೆ. ಬೇಕಾದಾಗ ಹೊರಗೆ ತಿರುಗಿಸಿ, ಪ್ರಸಂಗ ಮುಗಿದ ಮೇಲೆ ಒಳಗೆ ಸೇರಿಸಬಹುದು. ಇಕ್ಕಟ್ಟಾದ ಸ್ಥಳದಲ್ಲಿ ಬದುಕುವ ಬಡಸಂಸಾರವು ಚಾಪೆಯನ್ನು ಸುತ್ತಿ ಮೂಲೆಗೆ ಇಡುವಂತೆ ಈ ಸಭೆಯು ತನ್ನ ಪ್ರಸಂಗಪೀಠವನ್ನು ಮಡಚಿ ಇಡುತ್ತಿತ್ತು. ಮೆಟ್ಟಿಲಿನ ಬದಿಯಲ್ಲಿ ಯಾಜಕನಿಗೆ ಕಪಾಟಿನಂಥ ಹಾಸಿಗೆಯುಳ್ಳ ಒಂದು ಸಣ್ಣ ಕೋಣೆ ಇದೆ. ಅದನ್ನು ಕಂಡವರಿಗೆ ಅಲ್ಲಿಯ ಸೇವೆಯ ಬೆಲೆ ಏನಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

1796ರಲ್ಲಿ ಎಲ್ಲ ಧಾರ್ಮಿಕ ಪಂಗಡಗಳಿಗೂ ಸಮಾನ ಸ್ಥಾನ ದೊರೆಯಿತು. 1887ರಲ್ಲಿ ಕೇಂದ್ರ ರೈಲುನಿಲ್ದಾಣದ ಎದುರಿಗೆ ಗೋಪುರಗಳುಳ್ಳ ಸಂತ ನಿಕೊಲಾಸನ ದೇವಾಲಯವು ತೆರೆದುಕೊಂಡಿತು. ಇನ್ನು ಅಟ್ಟದ ಮರೆ ಬೇಕಾಗಿರಲಿಲ್ಲ. ಮನೆಯು ನೆಲಸಮವಾಗುವ ಸ್ಥಿತಿಯಲ್ಲಿದ್ದಾಗ ಕೆಲವು ಕಥೋಲಿಕ ಗೃಹಸ್ಥರು ‘ಆಮ್‌ಸ್ಟೆಲ್‌ಕ್ರಿಂಗ್’ ಎಂಬ ಸಂಘದ ಮೂಲಕ ಅದನ್ನು ಕೊಂಡು 1888ರ ಏಪ್ರಿಲ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಇಂದು ಅದರ ಹೆಸರು ‘ಓನ್ಸ್ ಲೀವೆ ಹೇರ್ ಓಪ್ ಸೋಲ್ಡರ್’, ಅಂದರೆ ‘ಅಟ್ಟದ ಮೇಲಿನ ನಮ್ಮ ಪ್ರಿಯ ಕರ್ತನು’. ಬಚ್ಚಿಡುವುದಕ್ಕೆ ಮಾಡಿದ ಸ್ಥಳವನ್ನು ಬಚ್ಚಿಡುವ ಅಗತ್ಯ ತೀರಿದ ಮರುವರುಷವೇ ನೋಡಲು ತೆರೆದಿಟ್ಟರು. ಬಿಡುಗಡೆ ಹೊಂದಿದ ಜನರು ತಮ್ಮ ಸೆರೆಯ ಕಾಲವನ್ನು ಮರೆಯದೆ ಉಳಿಸಿಕೊಳ್ಳಲು ಬಯಸಿದರು.

1663: ಎರಡು ಉಗ್ರಾಣಗಳು

ಇಲ್ಲಿಗೆ ನಿಲ್ಲಿಸಿದರೆ ಇದು ಸಹನೆಯ ಸುಖಾಂತ್ಯದ ಕಥೆಯಾಗುತ್ತದೆ. ಆದರೆ ಆಮ್‌ಸ್ಟರ್‌ಡ್ಯಾಂನ ಸಂಪತ್ತು ಯಾವ ದಾರಿಯಿಂದ ಬಂತೆಂದು ಕೇಳದೆ ಈ ಕಥೆಯನ್ನು ಮುಗಿಸಲಾಗದು. ಆ ದಾರಿಗಳಲ್ಲಿ ಒಂದು ನಮ್ಮ ಕರಾವಳಿಯನ್ನು ಮುಟ್ಟುತ್ತದೆ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯು 17ನೇ ಶತಮಾನದಲ್ಲಿ ಕೆಳದಿ ನಾಯಕರ ರಾಜ್ಯದ ಬಸರೂರಿನಲ್ಲಿ ವ್ಯಾಪಾರ ನಡೆಸಿ ಅಕ್ಕಿಯನ್ನೂ ಕಾಳುಮೆಣಸನ್ನೂ ಕೊಳ್ಳುತ್ತಿತ್ತು.

ಅದೇ ಕಂಪನಿಯು 1663ರ ಜನವರಿಯಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ವಶಪಡಿಸಿಕೊಂಡಿತು. ಅಲ್ಲಿದ್ದ ಕಥೋಲಿಕ ಕಟ್ಟಡಗಳಲ್ಲಿ ಬಹುಪಾಲು ನೆಲಕ್ಕುರುಳಿದವು. ಸಂತ ಫ್ರಾನ್ಸಿಸನ ದೇವಾಲಯವು ಸುಧಾರಿತ ಸಭೆಯ ಆರಾಧನೆಗೆ ಸಂದಿತು. ಸಾಂತಾ ಕ್ರೂಜ್ ಮಹಾದೇವಾಲಯವು ಆಯುಧಗಳ ಉಗ್ರಾಣವಾಯಿತು. ಹಾರ್ಟ್‌ಮನ್‌ನ ಅಟ್ಟವು ಸಿದ್ಧವಾದದ್ದೂ 1663ರ ಹೊತ್ತಿಗೇ. ಕಾಲುವೆಯ ದಡದಲ್ಲಿ ಉಗ್ರಾಣವೊಂದು ದೇವಾಲಯವಾದ ಕಾಲದಲ್ಲೇ ಅರಬ್ಬೀ ಸಮುದ್ರದ ದಡದಲ್ಲಿ ದೇವಾಲಯವೊಂದು ಉಗ್ರಾಣವಾಗುವ ಹಾದಿ ಹಿಡಿಯಿತು. ಎರಡೂ ಕಡೆ ಅಧಿಕಾರ ನಡೆಸಿದವರು ಒಂದೇ ಗಣರಾಜ್ಯದ ಜನ, ಒಂದೇ ವಿಶ್ವಾಸಪ್ರಮಾಣವನ್ನು ಒಪ್ಪಿದವರು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡವರು ಹೊರನಾಡಿನಲ್ಲಿ ಕೈ ಬಿಗಿಹಿಡಿದರು.

ಮತ್ತೊಂದು ನೆನಪೂ ಇಲ್ಲಿ ಸಲ್ಲುತ್ತದೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಕಥೋಲಿಕ ಯಾಜಕರು 1681ರಿಂದ 1684ರವರೆಗೆ ಮಂಗಳೂರು ಮೊದಲಾದ ಕನ್ನಡ ಕರಾವಳಿಯ ಊರುಗಳಲ್ಲಿ ಸೇವೆ ಸಲ್ಲಿಸಿದರು. 1687ರಲ್ಲಿ ಅವರು ಬಡವನ ವೇಷದಲ್ಲಿ ಕರಾವಳಿಯಲ್ಲಿ ಡಚ್ಚರ ಆಳ್ವಿಕೆಯಿದ್ದ ಸಿಂಹಳ ದ್ವೀಪವನ್ನು ಸೇರಿದರು. ಅಲ್ಲಿ ಕಥೋಲಿಕ ಯಾಜಕರಿಗೆ ನಿಷೇಧವಿತ್ತು. ರಾತ್ರಿಯ ಹೊತ್ತು ಭಕ್ತರ ಮನೆಗಳಲ್ಲಿ ಗುಟ್ಟಾಗಿ ಪೂಜೆ ಸಲ್ಲಿಸುತ್ತಾ ಚದುರಿದ ಸಭೆಯನ್ನು ಮತ್ತೆ ಕೂಡಿಸಿದರು. 1711ರಲ್ಲಿ ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿಯಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಆಮ್‌ಸ್ಟರ್‌ಡ್ಯಾಂನ ಅಟ್ಟಕ್ಕೂ ಯಾಳ್ಪಾಣದ ಗುಡಿಸಿಲಿಗೂ ಒಂದೇ ಭಯವಿತ್ತು. ಆದರೆ ಅಟ್ಟದವರ ಬಳಿ ಅಧಿಕಾರಿಯ ಕಣ್ಣು ಮುಚ್ಚಿಸುವುದಕ್ಕೆ ಹಣವಿತ್ತು, ಗುಡಿಸಿಲಿನವರ ಬಳಿ ಇರಲಿಲ್ಲ. ಕೊಂಡುಕೊಂಡ ಸಹನೆಯ ಕೊರತೆ ಇಲ್ಲಿ ಬಯಲಾಗುತ್ತದೆ: ಕೊಳ್ಳಲಾರದವನಿಗೆ ಅದು ದೊರೆಯುವುದಿಲ್ಲ.

ಬಾಡಿಗೆಯ ಸಂಜೆಗಳು

ಈಗ ನಮ್ಮ ಕಾಲಕ್ಕೆ ಬರೋಣ. ಕಾಲುವೆ ಮನೆಯನ್ನು ಉಳಿಸುವುದು ಖರ್ಚಿನ ಕೆಲಸ. ಮರದ ಕಂಬಗಳ ತಳಪಾಯ, ಹಳೆಯ ತೊಲೆಗಳು, ಬಣ್ಣ, ರೇಷ್ಮೆ, ತೊಗಲು ಎಲ್ಲಕ್ಕೂ ಸತತವಾದ ಆರೈಕೆ ಬೇಕು. ಸರಕಾರದ ಸಹಾಯ, ಪ್ರವೇಶಶುಲ್ಕ, ದಾನ ಇವುಗಳ ಜೊತೆಗೆ ಸ್ಥಳವನ್ನು ಬಾಡಿಗೆಗೆ ಕೊಡುವುದೂ ಇಂಥ ಮನೆಗಳಿಗೆ ಆದಾಯದ ಮೂಲವಾಗಿದೆ. ನೋಡುಗರು ಹೋದ ಮೇಲೆ ಒಂದು ಸಂಸ್ಥೆಯ ಆಡಳಿತಮಂಡಳಿ ಕೂಡಬಹುದು, ಗ್ರಂಥವೊಂದು ಬಿಡುಗಡೆಯಾಗಬಹುದು, ವಾದ್ಯಗೋಷ್ಠಿ ನಡೆಯಬಹುದು. ಅಟ್ಟದ ಆಲಯದಲ್ಲಿ ಈಗಲೂ ಆಗಾಗ ಪೂಜೆ ನಡೆಯುತ್ತದೆ, ಮದುವೆಗಳೂ ನೆರವೇರುತ್ತವೆ.

ಆದರೆ ಇಂಥ ಮನೆಯನ್ನು ಹಿಡಿಯುವವನು ಕಲ್ಯಾಣಮಂಟಪವನ್ನು ಹಿಡಿಯುವಂತೆ ಹಿಡಿಯಲಾರನು. ಹಳೆಯ ನೆಲವು ಎಷ್ಟು ಭಾರ ತಾಳುತ್ತದೆ, ಕಡಿದಾದ ಮೆಟ್ಟಿಲಿನಿಂದ ಅಪಾಯದ ವೇಳೆ ಎಷ್ಟು ಜನ ಇಳಿಯಬಲ್ಲರು ಎಂಬುದು ಅತಿಥಿಗಳ ಸಂಖ್ಯೆಯನ್ನು ಗೊತ್ತುಮಾಡುತ್ತದೆ. ಜನರ ಉಸಿರಿನ ತೇವವೂ ಚಿತ್ರಪಟಗಳಿಗೆ ಕೇಡು. ತೆರೆದ ಉರಿಯೂ ಚೆಲ್ಲುವ ಪಾನೀಯವೂ ಪುರಾತನ ವಸ್ತುಗಳ ಶತ್ರುಗಳು. ಆದ್ದರಿಂದ ಔತಣದ ಗದ್ದಲವನ್ನು ಹಳೆಯ ಕೋಣೆಗಳಿಂದ ದೂರವಿಡುವುದು ವಿವೇಕ. ಅಟ್ಟದ ಆಲಯದ ಸಂಗ್ರಹಾಲಯವು ಓಣಿಯ ಆಚೆಯ ಕಟ್ಟಡವನ್ನು ಸೇರಿಸಿಕೊಂಡು, ನೆಲದಡಿಯ ಹಾದಿಯಿಂದ ಎರಡನ್ನೂ ಜೋಡಿಸಿ 2015ರಲ್ಲಿ ವಿಸ್ತಾರಗೊಂಡಿತು. ಇದರಿಂದ ಪ್ರವೇಶದ್ವಾರ, ಅಂಗಡಿ, ಉಪಾಹಾರದ ಸ್ಥಳಗಳ ಭಾರವೆಲ್ಲ ಹಳೆಯ ಮನೆಯ ಮೇಲಿಂದ ಇಳಿಯಿತು. ಹೀಗೆ ಮನೆಯೇ ಷರತ್ತು ಹಾಕುತ್ತದೆ, ಹಣ ಕೊಟ್ಟವನು ತಲೆಬಾಗುತ್ತಾನೆ. 1691ರ ಒಪ್ಪಂದದಲ್ಲಿ ಆರಾಧಕರ ಮೇಲೆ ನಗರವು ಹೊರಿಸಿದ ಷರತ್ತುಗಳನ್ನು ನೆನೆದರೆ ಈ ಬದಲಾವಣೆ ಸಣ್ಣದಲ್ಲ.

ಮೇಜಿನ ಸುತ್ತ ಕೂಡದವರು

ಬಾಡಿಗೆಯ ಸಂಜೆಯ ಅಂದಕ್ಕೆ ಒಂದು ನೆರಳೂ ಇದೆ. ಕೈಜರ್ಸ್‌ಗ್ರಾಖ್ಟ್‌ನಲ್ಲಿ 1672ರಲ್ಲಿ ಕಟ್ಟಿದ ಮನೆಯೊಂದು ಈಗ ಫಾನ್ ಲೋನ್ ಸಂಗ್ರಹಾಲಯವಾಗಿದೆ. ಅದರ ಮೊದಲ ನಿವಾಸಿ ರೆಂಬ್ರಾಂಟನ ಶಿಷ್ಯನಾದ ಚಿತ್ರಕಾರ ಫರ್ಡಿನಾಂಡ್ ಬೋಲ್, ಅವನೂ ಬಾಡಿಗೆದಾರನೇ. 1884ರಲ್ಲಿ ಆ ಮನೆಗೆ ಬಂದ ಫಾನ್ ಲೋನ್ ಮನೆತನದ ಪೂರ್ವಿಕನಾದ ವಿಲ್ಲೆಮನು ಈಸ್ಟ್ ಇಂಡಿಯಾ ಕಂಪನಿಯ ಸ್ಥಾಪಕರಲ್ಲಿ ಒಬ್ಬನು. 2019ರಲ್ಲಿ ಈ ಸಂಗ್ರಹಾಲಯವೇ ತನ್ನ ಕೋಣೆಗಳಲ್ಲಿ ಸುರಿನಾಮಿನ ತೋಟಗಳೊಡನೆಯೂ ದಾಸ್ಯದೊಡನೆಯೂ ಮನೆತನಕ್ಕಿದ್ದ ನಂಟನ್ನು ತೋರಿಸುವ ಪ್ರದರ್ಶನವನ್ನು ಏರ್ಪಡಿಸಿತು. ಹೆರೆನ್‌ಗ್ರಾಖ್ಟ್ 502ರ ಮನೆ ನಗರಾಧ್ಯಕ್ಷರ ಅಧಿಕೃತ ನಿವಾಸ. ಅದನ್ನು ಕಟ್ಟಿಸಿದ ಪೌಲುಸ್ ಗೋಡಿನ್ ದಾಸರ ವ್ಯಾಪಾರ ನಡೆಸಿದ ವೆಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾಗಿದ್ದನು. ಇದನ್ನು ತಿಳಿಸುವ ಫಲಕವೊಂದನ್ನು 2006ರಲ್ಲಿ ಅಲ್ಲಿ ಇಡಲಾಯಿತು. 2021ರ ಜುಲೈ 1ರಂದು ನಗರಾಧ್ಯಕ್ಷೆ ಫೆಮ್ಕೆ ಹಾಲ್ಸೆಮಾ ದಾಸ್ಯದಲ್ಲಿ ನಗರವು ವಹಿಸಿದ ಪಾತ್ರಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಲ್ಲಿ ನಮಗೆ ಫಿಲೆಮೋನನಿಗೆ ಬರೆದ ಪತ್ರಿಕೆ ನೆನಪಾಗುತ್ತದೆ. ಫಿಲೆಮೋನನ ಮನೆಯಲ್ಲಿ ಸಭೆ ಕೂಡುತ್ತಿತ್ತು. ಅದೇ ಮನೆಯಲ್ಲಿ ಒನೇಸಿಮನೆಂಬ ದಾಸನೂ ಇದ್ದನು. ಕರ್ತನ ಭೋಜನಕ್ಕೆ ಬಾಗಿಲು ತೆರೆದ ಯಜಮಾನನಿಗೆ ತನ್ನ ಮನೆಯೊಳಗಿನ ಅನ್ಯಾಯ ಕಾಣದೆ ಹೋಗಬಹುದು ಎಂಬುದಕ್ಕೆ ಈ ಚಿಕ್ಕ ಪತ್ರಿಕೆಯೇ ಸಾಕ್ಷಿ. ಪೌಲನು ಆ ಮನೆಯನ್ನು ಶಪಿಸುವುದಿಲ್ಲ, ಅಲ್ಲಿಗೆ ಹೋಗುವುದಿಲ್ಲವೆನ್ನುವುದೂ ಇಲ್ಲ. ಒನೇಸಿಮನನ್ನು ಪ್ರಿಯ ಸಹೋದರನೆಂದು ಸೇರಿಸಿಕೊಳ್ಳಬೇಕೆಂದು ಬೇಡುತ್ತಾನೆ. ತನಗಾಗಿ ಇಳುಕೊಳ್ಳುವ ಸ್ಥಳವನ್ನೂ ಸಿದ್ಧಪಡಿಸಬೇಕೆನ್ನುತ್ತಾನೆ. ಈ ಎರಡು ಬೇಡಿಕೆಗಳೂ ಒಂದೇ ಪತ್ರಿಕೆಯಲ್ಲಿರುವುದು ಆಕಸ್ಮಿಕವಲ್ಲ. ಅತಿಥಿಯಾಗಿ ಬರುವವನು ಆ ಮನೆಯಲ್ಲಿ ಒನೇಸಿಮನ ಸ್ಥಾನವೇನೆಂದು ಕಣ್ಣಾರೆ ನೋಡಲಿದ್ದಾನೆ.

ಆಕ್ಷೇಪವೊಂದರ ವಿಚಾರ

ದೇವಾಲಯದಲ್ಲಿ ಮಾರುವವರನ್ನೂ ಕೊಳ್ಳುವವರನ್ನೂ ಕರ್ತನು ಹೊರಗಟ್ಟಲಿಲ್ಲವೇ, ಹಾಗಿದ್ದ ಮೇಲೆ ಆರಾಧನೆಯ ಸ್ಥಳದಿಂದ ಹಣ ಸಂಪಾದಿಸುವುದು ಹೇಗೆ ತಾನೇ ಸರಿಯಾದೀತು ಎಂದು ಕೆಲವರು ಕೇಳಬಹುದು. ಈ ಆಕ್ಷೇಪ ಹಗುರವಾದುದಲ್ಲ. ಆದರೆ ಆ ವ್ಯಾಪಾರ ನಡೆದದ್ದು ಅನ್ಯಜನರಿಗೆ ಮೀಸಲಾದ ಹೊರಾಂಗಣದಲ್ಲಿ ಎಂಬುದು ಬಹುಮಂದಿ ವ್ಯಾಖ್ಯಾನಕಾರರ ಅಭಿಪ್ರಾಯ. ದೂರದಿಂದ ಬಂದವನು ನಿಂತು ಪ್ರಾರ್ಥಿಸಬಹುದಾಗಿದ್ದ ಒಂದೇ ಎಡೆಯನ್ನು ಪಾರಿವಾಳದ ಗೂಡುಗಳೂ ಚಿನಿವಾರರ ಮೇಜುಗಳೂ ನುಂಗಿಬಿಟ್ಟಿದ್ದವು. ಮಾರ್ಕನು ತನ್ನ ಸುವಾರ್ತೆಯಲ್ಲಿ ಈ ಆಲಯವು ಎಲ್ಲ ಜನಾಂಗಗಳಿಗೂ ಸೇರಿದ್ದೆಂಬ ಪ್ರವಾದಿಯ ಮಾತನ್ನು ಎತ್ತಿ ಹೇಳುವುದರ ಒತ್ತು ಇಲ್ಲಿಯೇ ಇದೆ. ಆದ್ದರಿಂದ ಹಣ ಕೈಬದಲಾಯಿತೇ ಎಂಬುದಕ್ಕಿಂತ ಆ ಹಣದ ನಿಮಿತ್ತ ಯಾರು ನಿಲ್ಲುವ ಸ್ಥಳ ಕಳೆದುಕೊಂಡರು ಎಂಬುದೇ ಪರೀಕ್ಷೆಯ ಪ್ರಶ್ನೆ.

ಈ ಪರೀಕ್ಷೆಯಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದಾಗಿ, ಸ್ಥಳವನ್ನು ಬಾಡಿಗೆಗೆ ಕೊಡುವಾಗ ಅದರ ನೆನಪನ್ನು ಅಡಗಿಸಿಡಬಾರದು. ಸಂಜೆಯ ಔತಣಕ್ಕೆ ಬಂದವನಿಗೆ ಗೋಡೆಯ ಚಿನ್ನದ ಗಿಲೀಟು ಕಾಣುವಂತೆ ಅದರ ಮೂಲವೂ ಕಾಣಬೇಕು. ಎರಡನೆಯದಾಗಿ, ಹಣ ಕೊಟ್ಟವನ ಸಂಜೆಯು ಹಣವಿಲ್ಲದವನ ಹಗಲನ್ನು ನುಂಗಬಾರದು. ಪ್ರಾರ್ಥಿಸಲು, ಕಲಿಯಲು, ಸುಮ್ಮನೆ ಕುಳಿತುಕೊಳ್ಳಲು ಬರುವವರಿಗೂ ಬಾಗಿಲು ಇರಬೇಕು. ಮೂರನೆಯದಾಗಿ, ಎಲ್ಲೆಯನ್ನು ಗೊತ್ತುಮಾಡುವುದು ಆ ಸ್ಥಳದ ಸ್ವಭಾವವಾಗಿರಬೇಕು, ಬಾಡಿಗೆದಾರನ ಹಣದ ಚೀಲವಲ್ಲ.

ನಮ್ಮ ನಾಡಿನ ಸಭೆಗಳಿಗೆ

ನಮ್ಮ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಮಿಷನರಿಗಳ ಕಾಲದ ಬಂಗಲೆಗಳು, ಶಾಲೆಗಳು, ಸಭಾಭವನಗಳು ಸಭೆಗಳ ಕೈಯಲ್ಲಿವೆ. ಅವುಗಳ ಹಂಚು ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ, ಸಭೆಯ ಕಾಣಿಕೆ ಸಾಲುವುದಿಲ್ಲ. ಆಗ ಭವನವನ್ನು ಮದುವೆಗೋ ಸಮ್ಮೇಳನಕ್ಕೋ ಬಾಡಿಗೆಗೆ ಕೊಡೋಣವೇ ಎಂಬ ಪ್ರಶ್ನೆ ಸಭಾಮಂಡಳಿಯ ಮುಂದೆ ಬರುತ್ತದೆ. ಕೆಲವರು ಪವಿತ್ರತೆಯ ಹೆಸರಿನಲ್ಲಿ ಬೇಡವೆನ್ನುತ್ತಾರೆ, ಕೆಲವರು ಆದಾಯದ ಹೆಸರಿನಲ್ಲಿ ಬೇಕೆನ್ನುತ್ತಾರೆ. ನಾವು ಮೇಲೆ ನೋಡಿದ ಚರಿತ್ರೆಯು ಇಬ್ಬರನ್ನೂ ತಡೆದು ನಿಲ್ಲಿಸುತ್ತದೆ. ಬೇಡವೆನ್ನುವವರಿಗೆ, ನಿಮ್ಮ ಹಿರಿಯರ ಸಭೆಯೇ ಬಾಡಿಗೆಯ ಮನೆಯಲ್ಲಿ ಬೆಳೆಯಿತೆಂದು ಅದು ತಿಳಿಸುತ್ತದೆ. ಬೇಕೆನ್ನುವವರಿಗೆ, ಬಾಗಿಲು ಹಣಕ್ಕೆ ತೆರೆಯತೊಡಗಿದ ಮೇಲೆ ಹಣವಿಲ್ಲದವರಿಗೆ ಅದು ಮುಚ್ಚಿಕೊಳ್ಳದಂತೆ ಕಾವಲಿರಬೇಕೆಂದು ಎಚ್ಚರಿಸುತ್ತದೆ. ಊರಿನ ಬಡವನ ಮಗಳ ಮದುವೆಗೆ ಅದೇ ಭವನ ಯಾವ ದರದಲ್ಲಿ ಸಿಗುತ್ತದೆ, ನಮ್ಮ ಸಭೆಗೆ ಸೇರದವರಿಗೆ ಸಿಗುತ್ತದೆಯೇ, ಆ ಕಟ್ಟಡವನ್ನು ಹೊತ್ತು ಕಟ್ಟಿದ ಕೂಲಿಯಾಳುಗಳ ನೆನಪು ಅದರ ಗೋಡೆಯ ಮೇಲೆ ಎಲ್ಲಾದರೂ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಬಾಡಿಗೆಯ ಪ್ರಶ್ನೆಯನ್ನು ತೀರ್ಮಾನಿಸುವುದು ಕಷ್ಟವಾಗದು.

ತ್ರೋವದಲ್ಲಿ ಸಭೆಯು ಮೇಲಂತಸ್ತಿನಲ್ಲಿ ಕೂಡಿದ ರಾತ್ರಿ ಅಲ್ಲಿ ಅನೇಕ ದೀಪಗಳು ಉರಿಯುತ್ತಿದ್ದವೆಂದು ಲೂಕನು ನೆನಪಿಟ್ಟು ಬರೆದಿದ್ದಾನೆ. ಆ ರಾತ್ರಿ ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯುವಕನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಪೌಲನು ಪ್ರಸಂಗವನ್ನು ನಿಲ್ಲಿಸಿ ಕೆಳಗಿಳಿದು ಅವನನ್ನು ತಬ್ಬಿಕೊಂಡನು. ಅವನು ಬದುಕಿದ್ದಾನೆಂದು ತಿಳಿದ ಮೇಲೆಯೇ ಮತ್ತೆ ಮೇಲಕ್ಕೆ ಹೋಗಿ ರೊಟ್ಟಿ ಮುರಿದನು. ಮೇಲಂತಸ್ತಿನ ಬೆಳಕಿನಲ್ಲಿ ಕೂಡಿದವರಿಗೆ ಕೆಳಗೆ ಬಿದ್ದವನ ಕಡೆಗೆ ಇಳಿಯುವ ಮೆಟ್ಟಿಲೂ ತಿಳಿದಿರಬೇಕು. ಮನೆ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಅಲ್ಲಿ ಕೂಡಿದವರನ್ನು ಸಭೆಯೆಂದು ಕರೆಯುವುದಕ್ಕೆ ನಮಗೆ ಇದಕ್ಕಿಂತ ಬೇರೆ ಗುರುತು ಕಾಣುವುದಿಲ್ಲ.